ಫೋನ್ ಡಬ್ಬಿ ಆಮೇಲೆ ನೋಡೋಣ, ಮೊದಲು ನಂಬರ್ ಯಾರದ್ದು ಹೇಳಿ

ಸಣ್ಣ, ಮಧ್ಯಮ ಕಂಪನಿಗಳ ಕಂಪ್ಯೂಟರ್, ನೆಟ್‌ವರ್ಕ್, ಇಮೇಲ್, ಪ್ರಿಂಟರ್ ಎಲ್ಲ ನೋಡಿಕೊಳ್ಳುವ ಕೆಲಸ ನನ್ನದು. ಪೀಣ್ಯ, ರಾಜಾಜಿನಗರ, ಜೆ.ಪಿ. ನಗರ, ವೈಟ್‌ಫೀಲ್ಡ್, ಹೀಗೆ ಬೆಂಗಳೂರಿನ ನಾಲ್ಕು ಮೂಲೆಯಲ್ಲೂ ಗಿರಾಕಿಗಳಿದ್ದಾರೆ. ಯಾರಾದರೂ ಆಫೀಸ್ ಬದಲಾಯಿಸಿದರೆ, ಇಲ್ಲವೇ ಹಳೆಯ ಇಪಿಎಬಿಎಕ್ಸ್ (ಆಫೀಸಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಡಬ್ಬಿ) ಕೈಕೊಟ್ಟರೆ, ನನಗೆ ಕರೆ ಬಂದೇ ಬರುತ್ತದೆ. "ಸರ್, ಒಂದು ಒಳ್ಳೆ ಫೋನ್ ಸಿಸ್ಟಂ ಹೇಳಿ. ಯಾವ ಕಂಪನಿದು ತಗೊಳ್ಳೋಣ?"

ನಾನು ಕಂಪನಿ ಹೆಸರು ಹೇಳುವುದಿಲ್ಲ. "ನಿಮ್ಮ ಬೋರ್ಡ್ ಮೇಲೆ ಯಾವ ನಂಬರ್ ಇದೆ? ಅದು ಯಾರ ಹೆಸರಲ್ಲಿದೆ?" ಅಂತ ಕೇಳುತ್ತೇನೆ. ಎರಡನೇ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಅಕೌಂಟ್ಸ್‌ನವರನ್ನು ಕೇಳಿ ಹೇಳ್ತೀನಿ ಅನ್ನುತ್ತಾರೆ.

ಇದನ್ನೇ ಯಾಕೆ ಮೊದಲು ಕೇಳುತ್ತೇನೆ ಅಂದರೆ, ನಮ್ಮ ದೇಶದಲ್ಲಿ ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಬಹುದು, ಅದು 2011ರ ಜನವರಿಯಿಂದ ದೇಶದ ತುಂಬಾ ಇದೆ, ಆದರೆ ಲ್ಯಾಂಡ್‌ಲೈನ್ ನಂಬರಿಗೆ ಆ ಸೌಲಭ್ಯ ಬಂದೇ ಇಲ್ಲ. 080 ಅಂತ ಶುರುವಾಗುವ ನಿಮ್ಮ ನಂಬರ್ ಯಾವ ಟೆಲಿಕಾಂ ಕಂಪನಿ ಕೊಟ್ಟಿತೋ ಅವರ ಹತ್ತಿರವೇ ಉಳಿಯುತ್ತದೆ. ಅವರನ್ನು ಬಿಟ್ಟರೆ ನಂಬರೂ ಹೋಯಿತು. ಡಬ್ಬಿ ಬದಲಾಯಿಸಬಹುದು, ಮೇಜಿನ ಮೇಲಿನ ಫೋನ್ ಬದಲಾಯಿಸಬಹುದು, ಬೇಕಿದ್ದರೆ ನನ್ನಂಥವನನ್ನೂ ಬದಲಾಯಿಸಬಹುದು. ವಿಸಿಟಿಂಗ್ ಕಾರ್ಡ್, ಇನ್‌ವಾಯ್ಸ್, ಗೇಟಿನ ಬೋರ್ಡ್, ಗೂಗಲ್ ಮ್ಯಾಪ್, ಹಳೇ ಗಿರಾಕಿಗಳ ಡೈರಿ, ಎಲ್ಲ ಕಡೆ ಕೂತಿರುವ ನಂಬರನ್ನು ಬದಲಾಯಿಸುವುದು ಮಾತ್ರ ತುಂಬಾ ಕಷ್ಟ. ಆದ್ದರಿಂದ ಲೈನ್ ಕೊಡುವವರನ್ನು ಮೊದಲು ಆರಿಸಿ, ಡಬ್ಬಿಯನ್ನು ಆಮೇಲೆ ಆರಿಸಿ. ಎಲ್ಲರೂ ಮಾಡುವುದು ಇದರ ಉಲ್ಟಾ.

ನನ್ನ ಒಬ್ಬ ಗಿರಾಕಿ ಬಾತ್‌ರೂಮ್ ಫಿಟಿಂಗ್ಸ್ ವ್ಯಾಪಾರದವರು. ನಾನು ಅವರಿಗೆ ಪರಿಚಯ ಆಗುವ ಮೊದಲೇ ಒಬ್ಬ ಕ್ಲೌಡ್ ಫೋನ್ (ಆಫೀಸಿನಲ್ಲಿ ಡಬ್ಬಿ ಇಲ್ಲದೆ ಮಾರಾಟಗಾರರ ಸರ್ವರಿನಿಂದಲೇ ನಡೆಯುವ ಫೋನ್ ಸೇವೆ) ಮಾರುವವರಿಂದ ನಂಬರ್ ತಗೊಂಡಿದ್ದರು. ಅದನ್ನೇ ರಟ್ಟಿನ ಡಬ್ಬಗಳ ಮೇಲೆಲ್ಲ ಪ್ರಿಂಟ್ ಹಾಕಿಸಿದ್ದರು. ಕೆಲವು ವರ್ಷ ಆದ ಮೇಲೆ ರಿನ್ಯೂವಲ್ ರೇಟ್ ಏರಿತು, ಜಗಳ ಆಯಿತು, ಬಿಟ್ಟು ಹೋಗೋಣ ಅಂದರು. ಅಗ್ರಿಮೆಂಟ್ ತೆಗೆದು ನೋಡಿದರೆ ನಂಬರ್ ಆ ಮಾರಾಟಗಾರರ ಹೆಸರಿನಲ್ಲೇ ಇದೆ, ಇವರಿಗೆ ಬಳಸಲು ಕೊಟ್ಟಿದ್ದಾರೆ ಅಷ್ಟೇ. ಬಾಡಿಗೆ ಮನೆಗೆ ಸ್ವಂತ ದುಡ್ಡಲ್ಲಿ ಮಾರ್ಬಲ್ ಹಾಕಿಸಿದ ಹಾಗಾಯಿತು. ಕೊನೆಗೆ ಅವರು ಹೇಳಿದ ರೇಟಿಗೇ ಸಹಿ ಹಾಕಿದರು. ಈಗ ಹೊಸ ಡಬ್ಬಗಳ ಮೇಲೆ ಬೇರೆ ನಂಬರ್ ಬರುತ್ತಿದೆ, ಹಳೆಯದು ಸುಮ್ನೆ ಫಾರ್ವರ್ಡ್ ಆಗುತ್ತಾ ಕೂತಿದೆ, ಅದಕ್ಕೂ ಪ್ರತಿ ವರ್ಷ ದುಡ್ಡು.

ಹಾಗಾಗಿ ಮಾರಾಟದವರು ಲ್ಯಾಪ್‌ಟಾಪ್ ತೆರೆದು ಡ್ಯಾಶ್‌ಬೋರ್ಡ್ ತೋರಿಸುವುದಕ್ಕೆ ಮೊದಲೇ ಕೇಳಿಬಿಡಿ: ಕೆವೈಸಿ ಯಾರ ಹೆಸರಲ್ಲಿ ಆಗುತ್ತೆ? ಬಿಲ್ ಟೆಲಿಕಾಂ ಕಂಪನಿಯಿಂದ ನೇರವಾಗಿ ಬರುತ್ತಾ, ಇಲ್ಲ ನಿಮ್ಮಿಂದಲಾ? ನಾಳೆ ನಿಮ್ಮ ಸೇವೆ ಬೇಡ ಅಂದರೆ ಈ ನಂಬರ್ ನನ್ನ ಹತ್ತಿರ ಉಳಿಯುತ್ತಾ? ಮೂರನೆಯದಕ್ಕೆ "ಅದನ್ನೆಲ್ಲ ನೋಡ್ಕೊಳ್ಳೋಣ ಸರ್" ಅಂತ ಬಂದರೆ ಉಳಿಯುವುದಿಲ್ಲ ಅಂತಲೇ ತಿಳಿಯಿರಿ.

ಇಷ್ಟಾದ ಮೇಲೆ ಎಷ್ಟು ಲೈನ್ ಬೇಕು ಅನ್ನುವ ಲೆಕ್ಕ. ಇಲ್ಲಿ ಎಲ್ಲರೂ ತಲೆ ಎಣಿಸುತ್ತಾರೆ. ನೂರು ಜನ ಇದ್ದೇವೆ, ನೂರು ಎಕ್ಸ್‌ಟೆನ್ಶನ್ ಕೊಡಿ ಅನ್ನುತ್ತಾರೆ. ಎಣಿಸಬೇಕಾಗಿದ್ದು ಒಂದೇ ಹೊತ್ತಿಗೆ ಎಷ್ಟು ಜನ ಹೊರಗಿನವರ ಜೊತೆ ಮಾತಾಡುತ್ತಾರೆ ಅನ್ನುವುದನ್ನು. ಒಂದು ಪಿಆರ್‌ಐ ಲೈನಿನಲ್ಲಿ (ಟೆಲಿಕಾಂ ಕಂಪನಿ ಆಫೀಸುಗಳಿಗೆ ಕೊಡುವ ಡಿಜಿಟಲ್ ಲೈನ್) 30 ಚಾನೆಲ್ ಇರುತ್ತದೆ, ಅಂದರೆ ಒಂದೇ ಸಲ 30 ಕರೆ. ಕಾಲ್ ಸೆಂಟರ್ ಬಿಟ್ಟರೆ ನಾನು ನೋಡುವ ಆಫೀಸುಗಳಲ್ಲಿ ಅಷ್ಟೂ ತುಂಬಿದ್ದನ್ನು ಕಂಡಿಲ್ಲ. ಹಳೆಯ ಇಪಿಎಬಿಎಕ್ಸ್‌ನಿಂದ ಕಾಲ್ ರೆಕಾರ್ಡ್ ತೆಗೆಸಿ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಎಷ್ಟು ಲೈನ್ ಬಿಜಿ ಇರುತ್ತೆ ನೋಡಿ. ಆ ಸಂಖ್ಯೆ ನೋಡಿ ಮಾಲೀಕರಿಗೇ ಆಶ್ಚರ್ಯ ಆಗುತ್ತದೆ. ಎಸ್‌ಐಪಿ ಟ್ರಂಕ್‌ನಲ್ಲಿ (ಕರೆಯನ್ನು ಡೇಟಾ ಪ್ಯಾಕೆಟ್ ಆಗಿ ಸಾಗಿಸುವ ಹೊಸ ಮಾದರಿಯ ಲೈನ್) ಬೇಕಾದಷ್ಟೇ ಚಾನೆಲ್ ತಗೊಂಡು ಆಮೇಲೆ ಜಾಸ್ತಿ ಮಾಡಿಸಬಹುದು, ಹೊಸದಾಗಿ ಹಾಕಿಸುವವರಿಗೆ ನಾನು ಅದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಮೇಜಿಗೊಂದು ಫೋನ್ ಯಾರಿಗೆ ಬೇಕು? ರಿಸೆಪ್ಶನ್, ಅಕೌಂಟ್ಸ್, ಸ್ಟೋರ್ಸ್, ಸೆಕ್ಯುರಿಟಿ ಗೇಟ್, ಫ್ಯಾಕ್ಟರಿ ಫ್ಲೋರ್. ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರ ಮೇಜಿನ ಮೇಲೆ ಇಟ್ಟರೆ ಅದರ ಮೇಲೆ ಹೆಡ್‌ಫೋನ್ ನೇತಾಡುತ್ತದೆ, ಅಷ್ಟೇ. ಅವರು ಎತ್ತುವುದಿಲ್ಲ, ಎತ್ತಿ ಅಂತ ಹೇಳುವುದರಲ್ಲೂ ಅರ್ಥ ಇಲ್ಲ.

ನಿಜ ಹೇಳಬೇಕು ಅಂದರೆ ಬೆಂಗಳೂರಿನಲ್ಲಿ ಫೋನ್ ಸಿಸ್ಟಂಗೆ ದೊಡ್ಡ ಪೈಪೋಟಿ ಕೊಡುವುದು ಸಿಯುಜಿ ಸಿಮ್, ಅಂದರೆ ಕಂಪನಿ ತನ್ನವರಿಗೆಲ್ಲ ಒಂದೇ ಗುಂಪಾಗಿ ಕೊಡಿಸುವ ಮೊಬೈಲ್ ಸಿಮ್. ಸೇಲ್ಸ್‌ನವರಿಗೆಲ್ಲ ಕಂಪನಿ ಸಿಮ್ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಅಂತ ಎಷ್ಟೋ ಮಾಲೀಕರ ಲೆಕ್ಕ. ಹತ್ತು ಹನ್ನೆರಡು ಜನರ ಆಫೀಸಿಗೆ ಅದು ಸರಿಯೇ, ಸಿಮ್ ಕಂಪನಿ ಹೆಸರಿನಲ್ಲಿದ್ದರೆ ಪೋರ್ಟ್ ಕೂಡ ಆಗುತ್ತೆ. ತೊಂದರೆ ಬರುವುದು ಆಚೆಗೆ. ಗಿರಾಕಿ ಕಂಪನಿಗೆ ಫೋನ್ ಮಾಡುವುದಿಲ್ಲ, ರಮೇಶನಿಗೋ ಶಿಲ್ಪಾಗೋ ಮಾಡುತ್ತಾನೆ. ಅವರು ರಜೆಯಲ್ಲಿದ್ದರೆ ಆರ್ಡರ್ ಇನ್ನೊಬ್ಬರಿಗೆ ಹೋಗುತ್ತದೆ. ಕೆಲಸ ಬಿಟ್ಟರೆ ಗಿರಾಕಿಯೂ ಅವರ ಹಿಂದೆಯೇ ಹೋದರೂ ಹೋದ. ಕರೆ ಕಂಪನಿಯ ನಂಬರಿಗೆ ಬಂದು, ಅಲ್ಲಿಂದ ಅವತ್ತು ಯಾರಿದ್ದಾರೋ ಅವರಿಗೆ ಹೋಗಬೇಕು. ಫೋನ್ ಸಿಸ್ಟಂ ಬೇಕಾಗಿರುವುದು ಮುಖ್ಯವಾಗಿ ಇದಕ್ಕೇ.

ಇನ್ನು ಡಬ್ಬಿ ವಿಷಯ. ದೂರವಾಣಿನಗರದಲ್ಲಿ 1948ರಲ್ಲಿ ಟೆಲಿಫೋನ್ ತಯಾರಿಸುವ ಸರ್ಕಾರಿ ಕಾರ್ಖಾನೆ ಐಟಿಐ ಶುರುವಾದ ಊರು ನಮ್ಮದು. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಇಲ್ಲಿ ಟೆಲಿಫೋನ್ ಕೆಲಸ ಬಲ್ಲ ಹಿರಿಯರಿಗೆ ಯಾವತ್ತೂ ಕೊರತೆ ಇರಲಿಲ್ಲ. ಪ್ರತಿ ಆಫೀಸಿಗೂ ಒಬ್ಬರು ಎಎಂಸಿ (ವರ್ಷದ ರಿಪೇರಿ ಗುತ್ತಿಗೆ) ಅಂಕಲ್ ಇರುತ್ತಿದ್ದರು, ಸ್ಕೂಟರಿನಲ್ಲಿ ಬಂದು, ಫೋನ್ ವೈರುಗಳೆಲ್ಲ ಬಂದು ಸೇರುವ ಕ್ರೋನ್ ಬಾಕ್ಸ್ ತೆರೆದು, ಪಂಚಿಂಗ್ ಟೂಲ್‌ನಿಂದ ಎರಡು ವೈರ್ ಕೂರಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಐಟಿಯವರಿಗೂ ಫೋನಿಗೂ ಸಂಬಂಧವೇ ಇರಲಿಲ್ಲ. ಈಗ ಫೋನೂ ನೆಟ್‌ವರ್ಕ್ ಮೇಲೆ ಓಡುವ ಇನ್ನೊಂದು ಸರ್ವರ್, ಅದಕ್ಕೇ ನಮ್ಮ ತಲೆಗೆ ಬಂದಿದೆ. ನಿಮ್ಮ ಐಟಿ ನೋಡಿಕೊಳ್ಳುವವರನ್ನು ಕೇಳದೆ ಇಪಿಎಬಿಎಕ್ಸ್ ಅಂಗಡಿಯವರಿಂದ ಐಪಿ ಪಿಬಿಎಕ್ಸ್ (ನೆಟ್‌ವರ್ಕ್ ಮೇಲೆ ಓಡುವ ಇಪಿಎಬಿಎಕ್ಸ್) ತಂದು ಹಾಕಿಸಿದರೆ, ಅದು ಕೆಟ್ಟುಹೋದ ದಿನ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುತ್ತಾರೆ. ನಿಮಗೆ ಡಯಲ್ ಟೋನ್ ಇರುವುದಿಲ್ಲ.

ಸ್ವಂತ ಐಪಿ ಪಿಬಿಎಕ್ಸ್ ಇಟ್ಟುಕೊಳ್ಳುವುದಾದರೆ ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರ್ ಇದೆ, 1999ರಿಂದ ಇದೆ, ಸಾಫ್ಟ್‌ವೇರಿಗೆ ಕಾಸು ಕೊಡಬೇಕಿಲ್ಲ. ಪುಕ್ಕಟೆ ಅಂದ ತಕ್ಷಣ ಕಣ್ಣರಳಿಸುವ ಮಾಲೀಕರಿಗೆ ನಾನು ಕೇಳುವುದು, ಅದಕ್ಕೆ ಅಪ್‌ಡೇಟ್ ಹಾಕುವವರು ಯಾರು? ದುಡ್ಡು ಕೊಟ್ಟು ತಂದರೂ ಈ ಪ್ರಶ್ನೆ ತಪ್ಪುವುದಿಲ್ಲ. 2023ರ ಮಾರ್ಚ್‌ನಲ್ಲಿ 3ಸಿಎಕ್ಸ್ ಅನ್ನುವ ಫೋನ್ ಸಾಫ್ಟ್‌ವೇರ್ ಕಂಪನಿಯ ಡೆಸ್ಕ್‌ಟಾಪ್ ಆಪ್‌ನ ಅಪ್‌ಡೇಟ್ ಒಳಗೇ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು, ನಂಬಿ ಹಾಕಿಸಿಕೊಂಡವರ ಕಂಪ್ಯೂಟರಿಗೆ ಅದು ಕೂತಿತು. ಫೋನ್ ತಾನೇ ಅಂತ ಅಸಡ್ಡೆ ಮಾಡುವ ಹಾಗಿಲ್ಲ.

ಕ್ಲೌಡ್ ಅಂತ ನಮ್ಮಲ್ಲಿ ಮಾರುವುದರಲ್ಲಿ ಹೆಚ್ಚಿನದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದುಕೊಳ್ಳಿ. ಗಿರಾಕಿ ಕರೆ ಅವರ ಸರ್ವರಿಗೆ ಬರುತ್ತದೆ. ಅಲ್ಲಿಂದ ಇನ್ನೊಂದು ಕರೆ ನಿಮ್ಮ ಹುಡುಗನ ಮೊಬೈಲಿಗೆ ಹೋಗುತ್ತದೆ. ಎರಡನ್ನೂ ಸೇರಿಸುತ್ತಾರೆ. ಇದರಿಂದ ಒಂದು ಒಳ್ಳೇದು, ಆಫೀಸಿನ ಇಂಟರ್ನೆಟ್ ಬಿದ್ದರೂ ಮಾತು ನಿಲ್ಲುವುದಿಲ್ಲ. ಕೆಟ್ಟದ್ದು ಏನಂದರೆ ಎರಡು ಕಡೆಗೂ ನಿಮಿಷದ ಲೆಕ್ಕ ಓಡಬಹುದು, ಹಾಗಾಗಿ ರೇಟ್ ಕೇಳುವಾಗ ಎರಡೂ ಕಡೆಯದು ಸೇರಿಸಿ ಎಷ್ಟು ಅಂತ ಕೇಳಿ. ಪಲ್ಸ್ (ಒಂದೊಂದು ಸಲ ದುಡ್ಡು ಎಣಿಸುವ ಅವಧಿ) ಎಷ್ಟು ಸೆಕೆಂಡಿನದು ಅಂತಲೂ ಕೇಳಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅನ್ನುವುದು ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಮೈಕ್ರೋಸಾಫ್ಟ್‌ನ ಮೀಟಿಂಗ್, ಚಾಟ್ ಆಪ್ ಟೀಮ್ಸ್ ಮೇಲೆಯೇ ದಿನವಿಡೀ ಕೂರುವ ಕಂಪನಿಗಳಿಗೆ ಇನ್ನೊಂದು ದಾರಿ ಇದೆ. 2023ರಲ್ಲಿ ಏರ್‌ಟೆಲ್, ಮೈಕ್ರೋಸಾಫ್ಟ್ ಸೇರಿ ಲ್ಯಾಂಡ್‌ಲೈನ್ ಕರೆ ಟೀಮ್ಸ್‌ನಲ್ಲೇ ಬರುವ ಹಾಗೆ ಮಾಡಿದರು. ಲೈಸೆನ್ಸ್ ತಲೆಗಿಷ್ಟು ಅಂತ ಇರುತ್ತದೆ, ಆದ್ದರಿಂದ ಎಲ್ಲರಿಗೂ ಕೊಡಬೇಡಿ, ಹೊರಗಿನ ಕರೆ ಬರುವವರಿಗೆ ಮಾತ್ರ ಸಾಕು.

ನನ್ನ ಒಲವು ಎತ್ತ ಅಂದರೆ, ಇಪ್ಪತ್ತು ಮೂವತ್ತು ಜನರ ಆಫೀಸ್, ಅರ್ಧ ಜನ ಮನೆಯಿಂದ ಕೆಲಸ, ಹಾಗಿದ್ದರೆ ಕ್ಲೌಡ್ ಸಾಕು, ನಂಬರಿನ ಷರತ್ತು ನೋಡಿಕೊಂಡು. ಪೀಣ್ಯದ ಫ್ಯಾಕ್ಟರಿ, ಗೇಟಿನಲ್ಲಿ ಒಂದು ಫೋನ್, ಲಿಫ್ಟಿನಲ್ಲಿ ಒಂದು, ಶೆಡ್ಡಿನ ಆ ತುದಿಯಲ್ಲಿ ಇನ್ನೊಂದು ಅಂತಿದ್ದರೆ ಒಳಗೇ ಒಂದು ಪಿಬಿಎಕ್ಸ್ ಇರಲಿ, ಅದರಲ್ಲಿ ಹಳೆಯ ಫೋನ್ ಚುಚ್ಚಲು ಅನಲಾಗ್ ಪೋರ್ಟೂ ಇರಲಿ. ಹಳೆಯ ಎರಡು ವೈರಿನ ಫೋನನ್ನು ಬಿಸಾಡುವ ಆತುರ ಬೇಡ. ಧೂಳು, ಎಣ್ಣೆ, ಕೈಗವಸು ಹಾಕಿದ ಕೈ, ಎಲ್ಲವನ್ನೂ ಅದು ತಡೆದುಕೊಳ್ಳುತ್ತದೆ.

ಈಗ ಬೆಂಗಳೂರಿನ ಸ್ವಂತ ಕಾಯಿಲೆಗೆ ಬರೋಣ. ಮಾರಾಟದವರು ಇಂಟರ್ನೆಟ್ ಸ್ಪೀಡ್ ಜಾಸ್ತಿ ಮಾಡಿಸಿ ಅನ್ನುತ್ತಾರೆ. ಸ್ಪೀಡ್ ಸಮಸ್ಯೆಯೇ ಅಲ್ಲ. ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡೇಟಾ ಮಾಡುವ ಒಂದು ವಿಧಾನ) ಒಂದು ಕರೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್ ತಿನ್ನುತ್ತದೆ. ಹತ್ತು ಕರೆ ಸೇರಿದರೂ 1 ಎಂಬಿಪಿಎಸ್ ಆಗುವುದಿಲ್ಲ. ಕೆಡಿಸುವುದು ಜಿಟರ್, ಅಂದರೆ ಪ್ಯಾಕೆಟ್‌ಗಳು ಒಂದೇ ಲಯದಲ್ಲಿ ಬರದೆ ಹಿಂದೆ ಮುಂದೆ ಆಗುವುದು. ಮಾತು ಆ ಕಡೆ ಮುಟ್ಟಲು 150 ಮಿಲಿಸೆಕೆಂಡ್ ಮೀರಬಾರದು ಅಂತ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುನವರ ಸಲಹೆ ಇದೆ, ಅದು ತುಂಬಾ ಮೀರಿದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, "ಹೇಳಿ ಹೇಳಿ", "ಇಲ್ಲ ನೀವು ಹೇಳಿ" ಅನ್ನುವ ನಾಟಕ ನಡೆಯುತ್ತದೆ. ಯಾರೋ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡಲು ಕೂತರೆ ಸಾಕು. ಆದ್ದರಿಂದ ಫೋನುಗಳನ್ನು ಬೇರೆ ವಿಲ್ಯಾನ್‌ನಲ್ಲಿ (ಅದೇ ನೆಟ್‌ವರ್ಕಿನೊಳಗೆ ಬೇರೆ ಮಾಡಿದ ಭಾಗ) ಇಡಿ, ಮಾತಿನ ಪ್ಯಾಕೆಟ್‌ಗೆ ಮೊದಲ ದಾರಿ ಕೊಡಿ. ನಾವು ಹೇಳುವುದು ಅವರಿಗೆ ಕೇಳುತ್ತೆ, ಅವರದ್ದು ನಮಗೆ ಕೇಳಲ್ಲ ಅಂತ ದೂರು ಬಂದರೆ ನಾನು ಮೊದಲು ರೂಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಅನ್ನುವುದನ್ನು ಆಫ್ ಮಾಡಿ ನೋಡುತ್ತೇನೆ. ಸಹಾಯ ಮಾಡಲು ಇಟ್ಟ ಸೌಲಭ್ಯ ಅದು. ಮಾಡುವುದು ಉಪದ್ರವ.

ಆಮೇಲೆ ರಸ್ತೆ ಅಗೆತ. ನೀರಿನವರು ಅಗೆದರು, ಗ್ಯಾಸಿನವರು ಅಗೆದರು, ವೈಟ್ ಟಾಪಿಂಗ್ ಅಂತ ಇಡೀ ರಸ್ತೆಯನ್ನೇ ಎಬ್ಬಿಸಿದರು, ಮರದಿಂದ ಮರಕ್ಕೆ ಎಳೆದ ಕೇಬಲ್ಲನ್ನು ಒಂದು ದಿನ ಬಂದು ಕತ್ತರಿಸಿ ಹೋದರು. ಫೈಬರ್ ಕಟ್ ಆಗುತ್ತಾ ಅಂತ ಕೇಳಬೇಡಿ, ಆದಾಗ ಏನಾಗುತ್ತೆ ಅಂತ ಕೇಳಿ. ಎಸ್‌ಐಪಿ ಟ್ರಂಕನ್ನು ಟೆಲಿಕಾಂ ಕಂಪನಿಗಳು ಸಾಮಾನ್ಯವಾಗಿ ತಮ್ಮದೇ ಫೈಬರ್ ಎಳೆದು ಕೊಡುತ್ತವೆ. ಅದು ತುಂಡಾದರೆ ನಿಮ್ಮಲ್ಲಿ ಬೇರೆ ಎರಡು ಇಂಟರ್ನೆಟ್ ಲೈನ್ ಇದ್ದರೂ ಬೋರ್ಡ್ ನಂಬರ್ ಸತ್ತಂತೆಯೇ. ಟ್ರಂಕ್ ಬಿದ್ದ ತಕ್ಷಣ ಕರೆಯನ್ನು ಅವರ ಎಕ್ಸ್‌ಚೇಂಜಿನಲ್ಲೇ ತಿರುಗಿಸಿ ಒಂದು ಮೊಬೈಲಿಗೆ ಕಳಿಸುವ ವ್ಯವಸ್ಥೆ ಇದೆಯಾ, ಬರಹದಲ್ಲಿ ಕೊಡ್ತೀರಾ, ಇದನ್ನು ಸಹಿಗೆ ಮೊದಲು ಕೇಳಿ. ಎರಡನೇ ಲೈನ್ ಹಾಕಿಸುವಾಗಲೂ ಅದು ಬೇರೆ ರಸ್ತೆಯಿಂದ ಒಳಗೆ ಬರುತ್ತಾ ನೋಡಿ. ಎರಡು ಕಂಪನಿಯ ಕೇಬಲ್ ಒಂದೇ ಚರಂಡಿ ಪಕ್ಕ ಬಂದರೆ ಒಂದೇ ಜೆಸಿಬಿ ಎರಡನ್ನೂ ಮುಗಿಸುತ್ತದೆ.

ಕರೆಂಟ್ ಬಗ್ಗೆ ಬೇರೆ ಹೇಳಬೇಕಾ? ಹಳೆಯ ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಬೆಸ್ಕಾಂ ಕೈಕೊಟ್ಟರೂ ಫೋನ್ ಬದುಕಿರುತ್ತಿತ್ತು. ಐಪಿ ಫೋನ್ ಹಾಗಲ್ಲ. ಪಿಬಿಎಕ್ಸ್, ನೆಟ್‌ವರ್ಕ್ ಸ್ವಿಚ್, ಫೈಬರ್ ಡಬ್ಬಿ ಮೂರೂ ಯುಪಿಎಸ್ ಮೇಲೆ ಇರಬೇಕು. ಮೂರನೆಯದನ್ನು ಮರೆಯುವವರೇ ಜಾಸ್ತಿ, ಯಾಕೆಂದರೆ ಅದನ್ನು ಹಾಕಿಹೋದ ಹುಡುಗ ಹತ್ತಿರ ಸಿಕ್ಕ ಗೋಡೆಯ ಪ್ಲಗ್ಗಿಗೆ ಚುಚ್ಚಿ ಹೋಗಿರುತ್ತಾನೆ.

ಕಾನೂನಿನ ಕಡೆಯೂ ಸ್ವಲ್ಪ ನೋಡಿ, ಯಾಕೆಂದರೆ ಇಲ್ಲಿ ಎಡವಿದರೂ ಹೋಗುವುದು ನಂಬರೇ. 2024ರ ಆಗಸ್ಟ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಒಂದು ಆದೇಶ ಹೊರಡಿಸಿತು. ರಿಜಿಸ್ಟರ್ ಆಗದೆ ಪಿಆರ್‌ಐ, ಎಸ್‌ಐಪಿ ಲೈನಿನಿಂದ ಪ್ರಚಾರದ ಕರೆ ಮಾಡಿದರೆ ಆ ಸಂಸ್ಥೆಯ ಎಲ್ಲ ಲೈನುಗಳನ್ನೂ ಕತ್ತರಿಸಿ, ಎರಡು ವರ್ಷದ ತನಕ ಬ್ಲ್ಯಾಕ್‌ಲಿಸ್ಟ್ ಮಾಡಬಹುದು ಅಂತ. ಟೆಲಿಮಾರ್ಕೆಟಿಂಗ್‌ಗೆ 140 ಸರಣಿಯ ನಂಬರೇ ಬೇರೆ ಇದೆ. ನಿಮ್ಮ ಸೇಲ್ಸ್ ಹೆಡ್ ಹುಮ್ಮಸ್ಸಿನಲ್ಲಿ ಬೋರ್ಡ್ ನಂಬರಿನಿಂದ ಸಾವಿರ ಜನರಿಗೆ ಆಫರ್ ಹೇಳಲು ಹೊರಟರೆ ತಡೆಯಿರಿ. ಹಾಗೆಯೇ ಹುಬ್ಬಳ್ಳಿ ಬ್ರಾಂಚಿಗೂ ಬೆಂಗಳೂರಿಗೂ ವಿಪಿಎನ್ ಮೇಲೆ ಇಂಟರ್‌ಕಾಮ್ ಮಾತಾಡುವುದು ಬೇರೆ, ಹುಬ್ಬಳ್ಳಿಯ ಕರೆಯನ್ನು ಇಂಟರ್ನೆಟ್ ಮೇಲೆ ತಂದು ಬೆಂಗಳೂರಿನ ಲೈನಿನಿಂದ ಹೊರಗೆ ಬಿಡುವುದು ಬೇರೆ. ಎರಡನೆಯದು ಟೋಲ್ ಬೈಪಾಸ್ (ಟೆಲಿಕಾಂ ಕಂಪನಿಯ ದೂರದ ಕರೆಯ ದಾರಿ ತಪ್ಪಿಸುವುದು) ಲೆಕ್ಕಕ್ಕೆ ಹೋಗಬಹುದು. ಕಾಲ್ ಸೆಂಟರ್, ಬಿಪಿಓಗಳಿಗೆ 2020ರ ನವೆಂಬರ್, 2021ರ ಜೂನ್‌ನಲ್ಲಿ ನಿಯಮ ತುಂಬಾ ಸಡಿಲ ಆಯಿತು. ಉಳಿದವರು ತಮ್ಮ ಟೆಲಿಕಾಂ ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತಗೊಂಡೇ ಜೋಡಿಸುವುದು ಒಳ್ಳೇದು. ಡಬ್ಬಿಗೆ ಹತ್ತಾರು ಸಿಮ್ ಚುಚ್ಚಿ ಅಗ್ಗದಲ್ಲಿ ಕರೆ ಕೊಡ್ತೀವಿ ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿ. ಅಂಥ ಸಿಮ್ ಬಾಕ್ಸ್ ಎಕ್ಸ್‌ಚೇಂಜುಗಳ ಮೇಲೆ ಇದೇ ಊರಿನಲ್ಲಿ ಪೊಲೀಸ್ ರೇಡ್ ಆಗಿವೆ.

ಒಂದು ಸಣ್ಣ ವಿಷಯ, ಆದರೆ ಪ್ರತಿ ಆಫೀಸಿನಲ್ಲೂ ಮೊದಲ ವಾರ ಇದೇ ಗಲಾಟೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲು ಮುಂದೆ 0 ಹಾಕಲೇಬೇಕು. ಹೊರಗಿನ ಲೈನ್ ಹಿಡಿಯಲೂ 0 ಅಂತ ಇಟ್ಟರೆ ಎರಡೆರಡು ಸೊನ್ನೆ ಒತ್ತಬೇಕಾಗುತ್ತದೆ, ಅರ್ಧ ಜನ ಒಂದೇ ಒತ್ತಿ ಫೋನ್ ಸರಿಯಿಲ್ಲ ಅನ್ನುತ್ತಾರೆ. ಹತ್ತು ಅಂಕಿ ಒತ್ತಿದರೆ ಸಿಸ್ಟಮ್ಮೇ ಸೊನ್ನೆ ಸೇರಿಸಿಕೊಳ್ಳುವ ಹಾಗೆ ಮಾಡಿಸಿ.

ಕಳ್ಳರ ಕಾಟವೂ ಇದೆ. ಪಿಬಿಎಕ್ಸ್‌ನಲ್ಲಿ ಎಸ್‌ಐಪಿ ಕರೆಗೆ ಬಳಸುವ 5060 ಪೋರ್ಟನ್ನು (ನೆಟ್‌ವರ್ಕಿನ ಒಂದು ಬಾಗಿಲು) ಇಂಟರ್ನೆಟ್ಟಿಗೆ ತೆರೆದಿಟ್ಟು, ಎಕ್ಸ್‌ಟೆನ್ಶನ್ 201ಕ್ಕೆ ಪಾಸ್‌ವರ್ಡೂ 201 ಅಂತ ಇಟ್ಟರೆ, ಶನಿವಾರ ರಾತ್ರಿ ಯಾರೋ ಒಳಗೆ ಬಂದು ಸೋಮವಾರ ಬೆಳಗ್ಗೆ ತನಕ ದೂರದ ದೇಶಗಳಿಗೆ ಕರೆ ಓಡಿಸುತ್ತಾರೆ. ಬಿಲ್ ನಿಮ್ಮದೇ. ಐಎಸ್‌ಡಿ ಬೇಡದಿದ್ದರೆ ಪಿಬಿಎಕ್ಸ್‌ನಲ್ಲಿ ಮಾತ್ರ ಅಲ್ಲ, ಟೆಲಿಕಾಂ ಕಂಪನಿಯ ಕಡೆಯಿಂದಲೂ ಮುಚ್ಚಿಸಿ.

ಐವಿಆರ್, ಅಂದರೆ "ಇದಕ್ಕೆ ಒಂದು ಒತ್ತಿ" ಅನ್ನುವ ರೆಕಾರ್ಡ್ ದನಿ, ಅದರ ಬಗ್ಗೆ ನನ್ನದು ಹಠ. ಕನ್ನಡ ಮೊದಲು ಬರಲಿ, ಅದೂ ಮನುಷ್ಯರು ಮಾತಾಡುವ ಕನ್ನಡ ಇರಲಿ. ನಿಮ್ಮ ರಿಸೆಪ್ಶನ್ ಮೇಡಂ ಹತ್ತಿರವೇ ಓದಿಸಿ, ಗಿರಾಕಿಗಳಿಗೆ ಪರಿಚಯದ ದನಿ. ಆಯ್ಕೆ ಮೂರು ಸಾಕು, ಸೊನ್ನೆ ಒತ್ತಿದರೆ ಯಾರಾದರೂ ಎತ್ತಬೇಕು. ಹಾಡು ಹಾಕಿ ಕಾಯಿಸುವುದಾದರೆ ಅರ್ಧ ನಿಮಿಷದ ಮೇಲೆ ಬೇಡ. ಕರೆ ರೆಕಾರ್ಡ್ ಮಾಡುವುದಿದ್ದರೆ ಅದನ್ನು ಇಲ್ಲೇ ಹೇಳಿಬಿಡಿ.

ಕೆಲಸ ಒಪ್ಪಿಸಿಕೊಳ್ಳುವಾಗ ಅಡ್ಮಿನ್ ಪಾಸ್‌ವರ್ಡ್, ಕಾನ್ಫಿಗರೇಶನ್ ಬ್ಯಾಕಪ್, ಯಾವ ಪೋರ್ಟಿಗೆ ಯಾವ ಎಕ್ಸ್‌ಟೆನ್ಶನ್ ಅನ್ನುವ ಪಟ್ಟಿ, ಮೂರೂ ಕೈಗೆ ಬರಬೇಕು. ಪಾಸ್‌ವರ್ಡ್ ಕೊಡಲ್ಲ, ವಾರಂಟಿ ಹೋಗುತ್ತೆ ಅನ್ನುವವರು ಸಿಗುತ್ತಾರೆ. ಅದನ್ನು ಒಪ್ಪಬೇಡಿ. ಹಳೆಯ ಲೈನನ್ನು ಹೊಸದು ಬಂದ ದಿನವೇ ಸರೆಂಡರ್ ಮಾಡಬೇಡಿ, ಕೆಲವು ತಿಂಗಳು ಬಾಡಿಗೆ ಹೋದರೂ ಹೋಗಲಿ, ಹಳೆಯದಕ್ಕೆ ಬರುವ ಕರೆ ಹೊಸದಕ್ಕೆ ಫಾರ್ವರ್ಡ್ ಆಗುತ್ತಿರಲಿ. ಆಮೇಲೆ ಮಾರಾಟದವರನ್ನು ನಿಲ್ಲಿಸಿಕೊಂಡೇ ಫೈಬರ್ ಕೇಬಲ್ ಎಳೆದುಹಾಕಿ, ನಿಮ್ಮ ಮೊಬೈಲಿನಿಂದ ಬೋರ್ಡ್ ನಂಬರಿಗೆ ಕರೆ ಮಾಡಿ, ಅದು ಎಲ್ಲಿ ರಿಂಗ್ ಆಗುತ್ತೆ ನೋಡಿ. ಕರೆಂಟಿನ ಮುಖ್ಯ ಸ್ವಿಚ್ ಆಫ್ ಮಾಡಿ ಇನ್ನೊಂದು ಸಲ ಮಾಡಿ. ಕೊನೆಯ ಕಂತಿನ ಚೆಕ್ ಬರೆಯುವುದು ಅದಾದ ಮೇಲೆ.